ತಮ್ಮನ ಪರವಾಗಿ

ಆ ಊರಿನಲ್ಲಿ ಅಕ್ಕನ ಮುಖ ಗೊತ್ತಿದ್ದವರು ಕಡಿಮೆ, ದನಿ ಗೊತ್ತಿಲ್ಲದವರು ಇಲ್ಲವೇ ಇಲ್ಲ. ಬಸ್ ನಿಲ್ದಾಣದ ಮಹಡಿಯ ಚಿಕ್ಕ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿಗೆ ಬರುತ್ತದೆ, ಯಾವುದು ತಡ, ಯಾವುದು ಇವತ್ತು ಹೊರಡುವುದೇ ಇಲ್ಲ ಎಂದು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಹೇಳುವುದು ಅವಳ ಕೆಲಸ. ತರಕಾರಿ ಅಂಗಡಿಯಲ್ಲಿ ಅರ್ಧ ಕಿಲೋ ಟೊಮೆಟೊ ಕೇಳಿದರೂ ಪಕ್ಕದವರು ತಿರುಗಿ ನೋಡುತ್ತಿದ್ದರು. ಒಬ್ಬಾತನಂತೂ ಅವಳು ಬಾಯಿ ತೆರೆದದ್ದೇ ತಡ, ಅಭ್ಯಾಸಬಲದಿಂದ ಚೀಲ ಎತ್ತಿಕೊಂಡು ಹೊರಟೇಬಿಟ್ಟಿದ್ದ. ಊರಿಗೆ ಊರೇ ಕೇಳಿದ್ದ ಆ ದನಿಯನ್ನು ಒಮ್ಮೆಯೂ ಕೇಳದವನು ಅವಳ ಮನೆಯಲ್ಲೇ ಇದ್ದ, ಅವಳ ತಮ್ಮ.

ತಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಆರು ವರ್ಷಕ್ಕೆ ಅವನನ್ನು ದೂರದ ಕಿವುಡರ ಶಾಲೆಗೆ ಸೇರಿಸಿದರು. ಒಂದೊಂದು ರಜೆಗೆ ಬಂದಾಗಲೂ ಕೈತುಂಬ ಹೊಸ ಮಾತು ಕಲಿತು ಬರುತ್ತಿದ್ದ. ಬಂದವನೇ ಅಡುಗೆಮನೆಯ ನೆಲದ ಮೇಲೆ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಕಲಿಸುತ್ತಿದ್ದ. ಅಮ್ಮನಿಗೆ ಬಂದದ್ದು ಹತ್ತು ಹನ್ನೆರಡು ಸನ್ನೆ ಅಷ್ಟೆ. ಬಾ, ತಿನ್ನು, ಮಲಗು, ಹುಷಾರು. ಉಳಿದದ್ದನ್ನೆಲ್ಲ ಅವಳು ಮಗಳ ಕೈಯಿಂದಲೇ ಹೇಳಿಸಬೇಕಾಗಿತ್ತು. ಅಪ್ಪ ಇರಲಿಲ್ಲ. ಏಳು ವರ್ಷ ದೊಡ್ಡವಳಾದ ಅಕ್ಕ ಹೀಗೆ ಚಿಕ್ಕಂದಿನಿಂದಲೇ ತಮ್ಮನಿಗೂ ಲೋಕಕ್ಕೂ ನಡುವೆ ನಿಂತುಬಿಟ್ಟಳು. ಡಾಕ್ಟರ ಹತ್ತಿರ ಅವಳು, ರೇಷನ್ ಕಚೇರಿಯಲ್ಲಿ ಅವಳು, ಅವನು ಪ್ರೆಸ್ಸಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸಕ್ಕೆ ಸೇರುವಾಗ ಮಾಲೀಕರ ಮುಂದೆಯೂ ಅವಳೇ. ಮದುವೆ ಎನ್ನುವುದು ಅವಳ ಕಡೆ ಎರಡು ಸಲ ಬಂದು, ಎರಡು ಸಲವೂ ನಿಲ್ಲದೆ ಮುಂದೆ ಹೋಗಿತ್ತು. ಅದರ ಬಗ್ಗೆ ಅವಳು ಹೆಚ್ಚು ತಲೆ ಕೆಡಿಸಿಕೊಂಡವಳಲ್ಲ.

ಇಪ್ಪತ್ತೈದನೆಯ ವಯಸ್ಸಿಗೆ ತಮ್ಮನಿಗೆ ಪ್ರೀತಿ ಹತ್ತಿತು. ಬಸ್ಸಿನಲ್ಲಿ ಆರು ಗಂಟೆಯ ದಾರಿಯ ಇನ್ನೊಂದು ಊರಿನಲ್ಲಿ ಕಿವುಡರ ಸಂಘದವರು ಆಟೋಟ ಇಟ್ಟುಕೊಂಡಿದ್ದರು. ಹಗ್ಗ ಜಗ್ಗಾಟಕ್ಕೆ ಹೋದವನು ಹಗ್ಗವನ್ನು ಮರೆತು ಬಂದ. ಹುಡುಗಿ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಕಿವಿ ಕೇಳದವರು ಒಬ್ಬರಿಗೊಬ್ಬರು ಸನ್ನೆಯಲ್ಲೇ ಹೆಸರಿಟ್ಟುಕೊಳ್ಳುತ್ತಾರೆ; ಅವಳ ಹೆಸರು ಕೆನ್ನೆಗೆ ಬೆರಳು ಒತ್ತಿ ತಿರುಗಿಸುವುದು. ಅಕ್ಕ ಅದನ್ನು ಬಾಯಿಮಾತಿಗೆ ತಂದಾಗ ಗುಳಿಕೆನ್ನೆ ಎಂದಾಯಿತು. ಗುಳಿಕೆನ್ನೆ ಹುಟ್ಟು ಕಿವುಡಿಯಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಜ್ವರ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಹಾಗಾಗಿ ಅವಳ ಬರವಣಿಗೆ ಮುತ್ತು ಪೋಣಿಸಿದ ಹಾಗೆ. ತಮ್ಮನ ಬರವಣಿಗೆಯೋ, ಸನ್ನೆಯಲ್ಲಿ ಮಾತು ಬರುವ ಸಾಲಿನಲ್ಲೇ ನಡೆಯುತ್ತಿತ್ತು. ವಿಭಕ್ತಿಗಳೆಲ್ಲ ದಾರಿಯಲ್ಲಿ ಉದುರಿಹೋಗುತ್ತಿದ್ದವು. ಶಾಲೆಯಲ್ಲಿ ಮೇಷ್ಟರು ಅದರ ಮೇಲೆ ಎಷ್ಟು ಕೆಂಪು ಶಾಯಿ ಹರಿಸಿದ್ದರೆಂದರೆ ಪೆನ್ನು ಹಿಡಿದರೆ ಅವನ ಕೈ ಬೆವರುತ್ತಿತ್ತು. ಅವಳ ಐದು ಪುಟದ ಕಾಗದಕ್ಕೆ ಅವನು ಐದು ಸಾಲು ಬರೆದು, ಅದನ್ನೂ ಹರಿದು, ಕೊನೆಗೆ ನೀಲಿ ರಟ್ಟು ಕಟ್ಟಿದ ಒಂದು ಖಾಲಿ ಪುಸ್ತಕವನ್ನೇ ಅಂಚೆಯಲ್ಲಿ ಕಳಿಸಿದ.

ಇದು ಹೀಗೇ ಆದರೆ ಕೆಲಸ ಕೆಡುತ್ತದೆ ಎಂದು ಅಕ್ಕನೇ ಫೋನಿನ ದಾರಿ ತೆಗೆದದ್ದು. ಹುಡುಗಿಯ ತಂದೆ ಕೋರ್ಟಿನಲ್ಲಿ ಗುಮಾಸ್ತರು, ಅವರ ಮನೆಯಲ್ಲಿ ಫೋನಿತ್ತು. ಇಲ್ಲಿ ಔಷಧಿ ಅಂಗಡಿಯ ಪಕ್ಕ ನಾಣ್ಯ ಹಾಕುವ ಗಾಜಿನ ಗೂಡು. ಭಾನುವಾರ ಸಂಜೆ ನಾಲ್ಕು ಗಂಟೆ ಎಂದು ನಿಶ್ಚಯವಾಯಿತು. ಗೂಡಿನೊಳಗೆ ಇಬ್ಬರೂ ನಿಂತರೆ ತಮ್ಮನ ಮೊಣಕೈ ಗಾಜಿಗೆ ಬಡಿಯುತ್ತಿತ್ತು. ಆದ್ದರಿಂದ ಅವಳು ಒಳಗೆ, ಅವನು ಹೊರಗೆ. ಗಾಜಿನ ಆಚೆಯಿಂದ ಅವನು ಕೈಯಲ್ಲಿ ಹೇಳುವುದನ್ನು ಅವಳು ರಿಸೀವರಿನಲ್ಲಿ ಹೇಳುವುದು. ಅಲ್ಲಿಂದ ಬಂದದ್ದನ್ನು, ರಿಸೀವರನ್ನು ಕತ್ತು ಭುಜಗಳ ನಡುವೆ ಸಿಕ್ಕಿಸಿಕೊಂಡು, ಕೈಯಲ್ಲಿ ಹೇಳುವುದು. ಆ ಕಡೆ ಗುಮಾಸ್ತರಿಗೆ ಸನ್ನೆ ಸರಿಯಾಗಿ ಬರುತ್ತಿರಲಿಲ್ಲ. ಮಗಳು ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ಅವರು ಓದುವುದು, ಅಕ್ಕ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ಮಗಳಿಗೆ ತೋರಿಸುವುದು.

ಮೊದಲ ಭಾನುವಾರ ಅವರು, ‘ಯಾರು ಮಾತಾಡೋದು?’ ಎಂದರು.

‘ನಾನು ಅವನ ಅಕ್ಕ.’

‘ನಾನು ಅವಳ ತಂದೆ.’ ಆಮೇಲೆ ಗುಮಾಸ್ತರು ಗಂಟಲು ಸರಿಮಾಡಿಕೊಂಡು, ಮೂವತ್ತು ವರ್ಷ ಸಾಕ್ಷಿಗಳ ಹೇಳಿಕೆ ಓದಿದ್ದ ಅದೇ ದನಿಯಲ್ಲಿ ಶುರುಮಾಡಿದರು. ‘ನೀಲಿ ರಟ್ಟಿನ ಪುಸ್ತಕ ತಲುಪಿತು, ಅಲ್ಪವಿರಾಮ, ಅದನ್ನು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡು ಮಲಗುತ್ತೇನೆ. ಪೂರ್ಣವಿರಾಮ. ಖಾಲಿ ಪುಟಗಳಲ್ಲಿ ನೀನು ಏನು ಬರೆಯಬೇಕೆಂದಿದ್ದೆ, ಪ್ರಶ್ನಾರ್ಥಕ.’

ಅಕ್ಕ ಕೈಯಲ್ಲಿ ಹೇಳಿದಳು. ಆಚೆ ತಮ್ಮನ ಮುಖ ಅರಳಿ, ಕೈಗಳು ಹಾರಾಡತೊಡಗಿದವು. ಅವನು ಹೇಳಿದ್ದನ್ನು ಒಬ್ಬ ಹಿರಿಯ ಗಂಡಸಿನ ಕಿವಿಯಲ್ಲಿ ಹೇಳುವುದು ಹೇಗೆಂದು ತಿಳಿಯದೆ ಅವಳ ಕಿವಿಯೇ ಕೆಂಪಾಯಿತು.

‘ಸಾರ್, ಅವನು ಹೇಳ್ತಿದಾನೆ... ನಿನ್ನ ಗುಳಿಕೆನ್ನೆ ನೋಡ್ದೆ ನಂಗೆ ಕೆಲ್ಸದಲ್ಲಿ ಮನಸ್ಸೇ ನಿಲ್ತಿಲ್ಲ ಅಂತ.’

‘ಸ್ವಲ್ಪ ನಿಧಾನ ಹೇಳಮ್ಮ, ಬರ್ಕೋತಿದೀನಿ. ಗುಳಿಕೆನ್ನೆ... ನೋಡದೆ... ಹ್ಞಾ, ಆಮೇಲೆ?’

ಹೀಗೆ ಎರಡು ಜೀವಗಳ ಪ್ರೇಮ ಆ ಇಬ್ಬರ ಗಂಟಲಿನಲ್ಲಿ ಒಂಬತ್ತು ತಿಂಗಳು ನಡೆಯಿತು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಗುಮಾಸ್ತರು ಒಂದು ಅಕ್ಷರ ಬಿಡುತ್ತಿರಲಿಲ್ಲ, ಒಂದು ಅಕ್ಷರ ಸೇರಿಸುತ್ತಲೂ ಇರಲಿಲ್ಲ. ಮಗಳು ‘ಅಪ್ಪ ಪಕ್ಕದಲ್ಲಿದ್ದಾರೆ, ಇಲ್ಲದಿದ್ದರೆ ಇನ್ನೂ ಹೇಳುತ್ತಿದ್ದೆ’ ಎಂದು ಬರೆದದ್ದನ್ನೂ ಹಾಗೇ ಓದಿದ ಮನುಷ್ಯ.

ಅಕ್ಕ ಹಾಗಲ್ಲ. ಅವಳಿಗೆ ಮೊದಲಿನಿಂದಲೂ ಮಾತನ್ನು ಸ್ವಲ್ಪ ಕತ್ತರಿಸಿ, ಸ್ವಲ್ಪ ಹೊಲಿದು ಕೊಡುವ ಅಭ್ಯಾಸ. ತಮ್ಮ ಸಿಟ್ಟಿನಲ್ಲಿ ಹೇಳಿದ್ದಕ್ಕೆ ಸಕ್ಕರೆ ಬೆರೆಸುತ್ತಿದ್ದಳು. ಲೋಕ ಅವನ ಬಗ್ಗೆ ಆಡಿದ ಮಾತಿನ ಮುಳ್ಳನ್ನು ಕಿತ್ತು ದಾಟಿಸುತ್ತಿದ್ದಳು. ಪ್ರೆಸ್ಸಿನ ಮಾಲೀಕರು ಒಮ್ಮೆ, ಆ ಮೂಗನಿಗೆ ಹೇಳಿ, ಸೋಮವಾರ ತಡವಾದರೆ ಬರುವುದೇ ಬೇಡ ಎಂದಿದ್ದರು. ತಮ್ಮನಿಗೆ ತಲುಪಿದ್ದು ಸೋಮವಾರ ಸ್ವಲ್ಪ ಬೇಗ ಬರಬೇಕಂತೆ ಎಂಬುದಷ್ಟೆ. ಇದರಲ್ಲಿ ತಪ್ಪಿದೆಯೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ಅಕ್ಕರೆ ಅಂದರೆ ಇದೇ ಎಂದುಕೊಂಡಿದ್ದಳು.

ಆ ನಡುವೆ ಅಮ್ಮ ತೀರಿಕೊಂಡಳು. ಆಮೇಲೆ ಎಂಟು ತಿಂಗಳಿಗೆ ಒಂದು ಭಾನುವಾರ ಗುಮಾಸ್ತರು ಓದಿದರು. ಮದುವೆಯಾದ ಮೇಲೆ ನೀನು ಇಲ್ಲಿಗೆ ಬರುತ್ತೀಯಾ? ಇಲ್ಲಿ ಸಂಘವಿದೆ, ನಮ್ಮಂಥವರು ಅರವತ್ತು ಜನ ಇದ್ದಾರೆ, ನನ್ನ ಲ್ಯಾಬಿನ ಕೆಲಸವಿದೆ. ಎರಡು ಪ್ರೆಸ್ಸುಗಳಲ್ಲಿ ನಿನಗಾಗಿ ವಿಚಾರಿಸಿ ಇಟ್ಟಿದ್ದೇನೆ. ಯೋಚನೆ ಮಾಡಿ ಹೇಳು.

ಗಾಜಿನ ಆಚೆ ತಮ್ಮ ಹುಬ್ಬೇರಿಸಿ, ಏನಂತೆ ಎಂದು ಕೇಳುತ್ತಿದ್ದ. ಅಕ್ಕನಿಗೆ ಮನೆಯ ಎರಡು ಕೋಣೆಗಳು ಕಣ್ಣಿಗೆ ಬಂದವು. ಒಂದರಲ್ಲಿ ಅಮ್ಮನ ಮಂಚ ಹಾಗೇ ಇತ್ತು. ಬೀಗ ತೆಗೆದು ಒಳಗೆ ಹೋದರೆ ಯಾರ ಕೈಯೂ ಅಲ್ಲಾಡದ ಮನೆ. ಅವಳು ಯೋಚಿಸಿ ಮಾಡಿದಳು ಎನ್ನಲಾಗದು, ಯೋಚಿಸದೆ ಮಾಡಿದಳು ಎಂದರೂ ಸುಳ್ಳು. ಮದುವೆಯಾದ ಮೇಲೆ ಅವಳು ಇಲ್ಲಿಗೇ ಬರುತ್ತಾಳಂತೆ, ನಿನಗೆ ಒಪ್ಪಿಗೆಯಾ ಎಂದು ಕೇಳುತ್ತಿದ್ದಾಳೆ ಎಂದು ಅವಳ ಕೈ ಹೇಳಿತು. ತಮ್ಮ ಎರಡು ಹೆಜ್ಜೆ ಕುಣಿದು ತಲೆಯಾಡಿಸಿದ.

ರಿಸೀವರಿನ ಮರೆಯಲ್ಲಿ ಅವಳ ಬಾಯಿ ಹೇಳಿತು: ‘ಅವನಿಗೆ ಈ ಊರು ಬಿಡಕ್ಕಾಗಲ್ವಂತೆ ಸಾರ್. ಅವಳೇ ಇಲ್ಲಿಗೆ ಬಂದ್ರೆ ಒಳ್ಳೇದು ಅಂತಾನೆ.’

ಆ ಕಡೆ ಪೆನ್ನು ಕಾಗದದ ಮೇಲೆ ಓಡುವ ಸದ್ದು. ಕೊನೆಗೆ ಗುಮಾಸ್ತರು ‘ಆಗಲಿ’ ಎಂದು ಒಂದೇ ಪದ ಓದಿದರು. ಆ ದಿನ ಪೂರ್ಣವಿರಾಮ ಹೇಳಲಿಲ್ಲ.

ಗುಳಿಕೆನ್ನೆ ಬಂದಳು. ಈ ಊರಿನಲ್ಲಿ ಹಲ್ಲಿನ ಲ್ಯಾಬು ಇರಲಿಲ್ಲ. ಮೇಣದಲ್ಲಿ ಹಲ್ಲು ಕೂರಿಸಿ ಒಸಡಿನ ಗೆರೆ ತಿದ್ದುತ್ತಿದ್ದ ಬೆರಳುಗಳು ಗಂಡನ ಪ್ರೆಸ್ಸಿನಲ್ಲೇ ಹಾಳೆ ಮಡಿಸುವ ಕೆಲಸಕ್ಕೆ ಕೂತವು. ಕಿವಿ ಕೇಳದವರೆಂದರೆ ಇಲ್ಲಿ ಒಬ್ಬ ಮುದುಕ ಚಪ್ಪಲಿ ಹೊಲಿಯುವವನು, ಅವನೂ ಹೆಚ್ಚು ಮಾತಿನವನಲ್ಲ. ಅವಳ ಕೆನ್ನೆಯ ಗುಳಿ ಕಾಣಿಸುವುದು ಅಪರೂಪವಾಯಿತು. ಅಕ್ಕ ಅದನ್ನು ನೋಡಲಿಲ್ಲ, ಅಥವಾ ನೋಡಿಯೂ ಹೊಸ ಜಾಗ, ಸರಿಹೋಗುತ್ತದೆ ಎಂದುಕೊಂಡಳು. ಅವಳನ್ನು ಕಂಡರೆ ಅಕ್ಕನಿಗೆ ಪ್ರೀತಿಯಿರಲಿಲ್ಲವೆಂದಲ್ಲ. ಬಾಣಂತನವನ್ನು ತಾಯಿಗಿಂತ ಹೆಚ್ಚಾಗಿ ಮಾಡಿದವಳು ಅವಳೇ. ಹುಟ್ಟಿದ ಹೆಣ್ಣುಮಗುವಿಗೆ ಕಿವಿ ಕೇಳುತ್ತಿತ್ತು. ಮೇಲಿನ ಎರಡು ಹಲ್ಲು ಮೊದಲು ಬಂದದ್ದರಿಂದ ಅವಳ ಸನ್ನೆಯ ಹೆಸರು ಮೊಲ. ಭಾನುವಾರದ ಫೋನು ಮಾತ್ರ ನಿಲ್ಲಲಿಲ್ಲ. ಈಗ ಅದು ಅಪ್ಪ ಮಗಳ ನಡುವೆ. ಮಾತು ಮುಗಿದ ಮೇಲೆ ಗುಮಾಸ್ತರು ಮತ್ತು ಅಕ್ಕ ತಮ್ಮ ತಮ್ಮ ಮಂಡಿನೋವಿನ ಬಗ್ಗೆ ಐದು ನಿಮಿಷ ಮಾತಾಡಿಕೊಳ್ಳುತ್ತಿದ್ದರು.

ಮೊಲಕ್ಕೆ ಮೂರು ವರ್ಷವಾದಾಗ ಗುಮಾಸ್ತರು ಎರಡು ಮೊಬೈಲು ಫೋನು ತಂದುಕೊಟ್ಟರು. ಕಿವುಡರಿಗೆ ಫೋನು ಯಾಕೆ ಎಂದು ನೆರೆಯವರು ನಕ್ಕರು. ನಾಲ್ಕನೆಯ ದಿನ ಸಂಜೆ ಗುಳಿಕೆನ್ನೆ ಅಡುಗೆಮನೆಯಿಂದ ಓಡಿಬಂದು ಫೋನನ್ನು ಅಕ್ಕನ ಮುಖದ ಮುಂದೆ ಹಿಡಿದಳು. ‘ಇಂದು ಕೆಲಸ ಹೆಚ್ಚು ನಾನು ತಡ ಒಂದು ಗಂಟೆ.’ ಮೂವತ್ತರ ಹತ್ತಿರ ಬಂದ ಗಂಡಸು, ಎದುರಿಗಿಲ್ಲದ ಒಬ್ಬರಿಗೆ ತಾನು ತಡವಾಗಿ ಬರುತ್ತೇನೆಂದು ತಾನೇ ಹೇಳಿದ್ದು ಅವನ ಜನ್ಮದಲ್ಲಿ ಅದೇ ಮೊದಲು. ಗುಳಿಕೆನ್ನೆ ಅದನ್ನು ಓದಿ ಓದಿ ಕಣ್ಣು ಒರೆಸಿಕೊಂಡಳು. ಆ ಸಣ್ಣ ಪರದೆಯ ಮೇಲೆ ಕೆಂಪು ಶಾಯಿಗೆ ಜಾಗವಿರಲಿಲ್ಲ. ಒಂದು ಅಕ್ಷರಕ್ಕೆ ಮೂರು ಸಲ ಗುಂಡಿ ಒತ್ತಬೇಕಾದ್ದರಿಂದ ಲೋಕವೆಲ್ಲ ವಿಭಕ್ತಿ ನುಂಗಿ ಬರೆಯುತ್ತಿದ್ದ ಕಾಲ; ತಮ್ಮನ ಬರವಣಿಗೆಗೂ ಪ್ರೆಸ್ಸಿನ ಮಾಲೀಕರ ಬರವಣಿಗೆಗೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ಅಕ್ಕನೂ ಒಂದು ಫೋನು ಕೊಂಡಳು. ಗುಳಿಕೆನ್ನೆಯ ಮೊದಲ ಮೆಸೇಜು ಬಂತು: ‘ಅಕ್ಕ, ನೀವು ಬರುವಾಗ ಸೋಪು ತನ್ನಿ.’ ಅಕ್ಕ ಅದನ್ನು ಎರಡು ಸಲ ಓದಿದಳು. ಸನ್ನೆಯಲ್ಲಿ ನೀನು, ನೀವು ಎಂಬ ಭೇದವಿಲ್ಲ. ಬೆರಳು ತೋರಿಸಿದರೆ ಆಯಿತು. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದರೂ ಅವಳ ಮನಸ್ಸಿನಲ್ಲಿ ತಾನು ‘ನೀವು’ ಎಂದು ಅಕ್ಕನಿಗೆ ಗೊತ್ತಾದದ್ದು ಆ ದಿನ. ಮರ್ಯಾದೆಯೇ ಇರಬಹುದು. ಆದರೂ ಸೋಪು ಕೊಳ್ಳುವಾಗ ಮನಸ್ಸು ಸರಿಯಿರಲಿಲ್ಲ.

ಈಗ ಅಪ್ಪ ಮಗಳು ದಿನಕ್ಕೆ ಹತ್ತು ಸಲ ಬರೆದುಕೊಳ್ಳುತ್ತಿದ್ದರು. ಭಾನುವಾರ ನಾಲ್ಕು ಗಂಟೆಗೆ ಅಕ್ಕನಿಗೆ ಕೆಲಸವಿರಲಿಲ್ಲ. ಮುಂದೆ ಕೆಲವು ವರ್ಷಕ್ಕೆ ಬಸ್ ನಿಲ್ದಾಣದಲ್ಲೂ ಮೊದಲೇ ತುಂಬಿಸಿಟ್ಟ ದನಿಯೊಂದು ತಾನೇ ತಾನಾಗಿ ಹೊತ್ತು ಹೇಳತೊಡಗಿತು. ಅಕ್ಕನನ್ನು ಕೆಳಗಿನ ಪಾರ್ಸೆಲ್ ಕೌಂಟರಿಗೆ ಹಾಕಿದರು. ಎಲ್ಲರಿಗೂ ಅನುಕೂಲವಾಗಿದೆ, ನಾನೊಬ್ಬಳು ಯಾಕೆ ಮುಖ ಊದಿಸಿಕೊಳ್ಳಬೇಕು ಎಂದು ತನಗೆ ತಾನೇ ಬೈದುಕೊಂಡರೂ, ಯಾರೂ ತನ್ನನ್ನು ಏನೂ ಹೇಳು ಎಂದು ಕೇಳದ ದಿನಗಳು ಅವಳಿಗೆ ಉದ್ದವಾಗಿ ಕಂಡವು.

ಅಂಥದೇ ಒಂದು ದಿನ ಕೌಂಟರಿಗೆ ಒಂದು ಪೆಟ್ಟಿಗೆ ಬಂತು. ಗುಮಾಸ್ತರು ಚಿಕ್ಕ ಮನೆಗೆ ಹೋಗುವವರಿದ್ದು, ಮಗಳ ಹಳೆಯ ಸಾಮಾನುಗಳನ್ನು ಬಸ್ಸಿಗೆ ಹಾಕಿಸಿದ್ದರು. ಅಕ್ಕ ತಾನೇ ಸಹಿ ಹಾಕಿ, ತಾನೇ ಹೊತ್ತುಕೊಂಡು ಮನೆಗೆ ತಂದಳು. ಒಳಗೆ ಲ್ಯಾಬಿನ ಚಿಮುಟ, ಆಟದ ಪದಕಗಳು, ನೀಲಿ ರಟ್ಟಿನ ಪುಸ್ತಕ, ಮತ್ತೆ ಗುಮಾಸ್ತರ ನಾಲ್ಕು ನೋಟ್‌ಬುಕ್ಕುಗಳಿದ್ದವು. ಪ್ರತಿ ಪುಟದಲ್ಲೂ ತಾರೀಖು, ನಡುವೆ ಗೆರೆ, ಎಡಕ್ಕೆ ‘ನಮ್ಮ ಕಡೆ’, ಬಲಕ್ಕೆ ‘ಆ ಕಡೆ’. ತಮ್ಮ ನಗುತ್ತ ಓದಲು ಕೂತ. ಒಂದೊಂದು ಸಾಲಿಗೂ ಬೆರಳಿಟ್ಟು ನಿಧಾನ ಓದುವವನು. ಮೂರು ಸಂಜೆ ಓದಿದ.

ಭಾನುವಾರ ಮಧ್ಯಾಹ್ನ ಅಕ್ಕ ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಅವನು ನೋಟ್‌ಬುಕ್ಕು ಹಿಡಿದು ಬಂದು ಒಂದು ಸಾಲು ತೋರಿಸಿದ. ಎಡಗಡೆ ಹುಡುಗಿಯ ಪ್ರಶ್ನೆ. ಬಲಗಡೆ: ಈ ಊರು ಬಿಡಲು ಆಗುವುದಿಲ್ಲ, ನೀನೇ ಇಲ್ಲಿಗೆ ಬಂದರೆ ಒಳ್ಳೆಯದು.

ಇದು ನಾನು ಹೇಳಿದ್ದಾ ಎಂದು ಅವನ ಕೈ ಕೇಳಿತು.

ಗುಮಾಸ್ತರು ತಪ್ಪಾಗಿ ಬರೆದುಕೊಂಡಿರಬೇಕು ಎನ್ನಬಹುದಿತ್ತು. ಆ ಮನುಷ್ಯನ ವಿಷಯದಲ್ಲಿ ಅದು ನಡೆಯುವ ಮಾತಲ್ಲ. ಅಕ್ಕನ ಕೈಗಳು ಮೇಲೆದ್ದು ಹಾಗೇ ಇಳಿದವು. ತಮ್ಮ ಅವಳ ಕೈಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕಣ್ಣು ತೆಗೆದುಕೊಂಡ.

ಕಿವಿ ಇದ್ದವರ ಜಗಳದಲ್ಲಿ ಒಬ್ಬರು ಮುಖ ತಿರುಗಿಸಿದರೂ ಇನ್ನೊಬ್ಬರು ಬೆನ್ನಿಗೆ ಮಾತಾಡಬಹುದು. ಕಣ್ಣು ತಿರುಗಿಸಿದ ಕಿವುಡನಿಗೆ ಏನನ್ನೂ ಹೇಳಲಾಗದು. ಅವನು ಊಟ ಮಾಡಿದ, ಕೆಲಸಕ್ಕೆ ಹೋದ, ಮಗಳ ಜೊತೆ ಆಡಿದ. ಅಕ್ಕ ಎದುರಿಗೆ ಬಂದರೆ ದೀಪದ ಕಂಬವನ್ನು ದಾಟುವ ಹಾಗೆ ನೋಟ ದಾಟಿಹೋಗುತ್ತಿತ್ತು. ಅವಳು ಭುಜ ಮುಟ್ಟಿದಳು, ಲೈಟು ಹಾಕಿ ಆರಿಸಿದಳು, ನೆಲಕ್ಕೆ ಕಾಲು ಬಡಿದಳು. ತಿರುಗಲಿಲ್ಲ. ಗುಳಿಕೆನ್ನೆ ನೋಡುತ್ತಿದ್ದಳು, ಆದರೆ ಅವಳ ಕೈ ಏನೂ ಹೇಳುತ್ತಿರಲಿಲ್ಲ. ಆ ಸಾಲನ್ನು ಅವಳು ಎಂಟು ವರ್ಷದ ಹಿಂದೆಯೇ ಓದಿದ್ದಳು, ನಂಬಿದ್ದಳು, ಅದರ ಮೇಲೆ ಒಂದು ಸಂಸಾರವನ್ನೇ ಕಟ್ಟಿದ್ದಳು.

ಒಂಬತ್ತನೆಯ ದಿನ ಅಕ್ಕ ಪಾರ್ಸೆಲ್ ಕೌಂಟರಿನಲ್ಲಿ ಫೋನು ತೆಗೆದಳು. ತಮ್ಮನಿಗೆ ಅವಳು ಬರೆದೇ ಇರಲಿಲ್ಲ, ಎದುರಿಗಿರುವವನಿಗೆ ಬರೆಯುವುದೇನು? ಒಂದೇ ಬೆರಳಿನಲ್ಲಿ ಒತ್ತಿದಳು. ‘ನೀನು ಹೇಳಿರಲಿಲ್ಲ. ನಾನು ಹೇಳಿದೆ. ಅಮ್ಮ ಹೋಗಿದ್ದಳು. ನೀನೂ ಹೋದರೆ ಅಂತ ಹೆದರಿದೆ.’ ಕಳಿಸಿ, ಬಂದ ಮೂರು ಟ್ರಂಕುಗಳಿಗೆ ಚೀಟಿ ಅಂಟಿಸಿದಳು. ಎರಡಕ್ಕೆ ತಪ್ಪು ಚೀಟಿ ಅಂಟಿಸಿದ್ದಳು, ಕಿತ್ತು ಮತ್ತೆ ಅಂಟಿಸಿದಳು. ಅರ್ಧ ಗಂಟೆಯಾದ ಮೇಲೆ ಉತ್ತರ ಬಂತು.

‘ಇನ್ನು ಏನು’

ಇನ್ನೇನೇನು ಮುಚ್ಚಿಟ್ಟಿದ್ದೀಯ ಎಂಬ ಅರ್ಥ. ಅವಳು ಅವತ್ತಿನಿಂದ ಒಂದೊಂದಾಗಿ ಬರೆದಳು. ದಿನಕ್ಕೆ ಒಂದು, ಕೆಲವು ದಿನ ಎರಡು. ಪ್ರೆಸ್ಸಿನ ಮಾಲೀಕರ ಮಾತು. ಮನೆ ಬಾಡಿಗೆಗೆ ಕೊಡುವುದಿಲ್ಲವೆಂದವರು ನಿಜವಾಗಿ ಕೊಟ್ಟ ಕಾರಣ. ಮದುವೆಯಲ್ಲಿ ಸೋದರತ್ತೆ ಆಡಿದ್ದು. ತಮ್ಮನ ಉತ್ತರಗಳು ಚಿಕ್ಕವು. ‘ಇದು ಗೊತ್ತು.’ ‘ಇದೂ ಗೊತ್ತು. ನಿನ್ನ ಮುಖ ಸುಳ್ಳು ಬರಲ್ಲ.’ ಮಾಲೀಕರ ಮಾತಿಗೆ ಮಾತ್ರ, ‘ಅವನು ಹೇಳು ಬೇಡ. ನಾನು ನೋಡು ಬಾಯಿ ಗೊತ್ತು’ ಎಂದು ಬಂತು. ಕೇಳದಿದ್ದರೂ ತುಟಿ ಓದಿ ಎಲ್ಲ ತಿಳಿದುಕೊಂಡಿದ್ದ. ಅಷ್ಟು ವರ್ಷ ತಾನು ಅವನನ್ನು ಕಾಪಾಡಿದ್ದೇನೆಂದು ಅವಳಂದುಕೊಂಡಿದ್ದಳು. ಅವಳಿಗೆ ಬೇಜಾರಾದೀತೆಂದು ಅವನು ಗೊತ್ತಿಲ್ಲದವನ ಹಾಗೆ ಇದ್ದನೆಂದು ಅವಳಿಗೆ ಈಗ ತಿಳಿಯಿತು.

ಕೊನೆಗೆ ಉಳಿದದ್ದು ಒಂದು. ಅದನ್ನು ಬರೆಯಲು ಅವಳಿಗೆ ನಾಲ್ಕು ದಿನ ಬೇಕಾಯಿತು. ಅಮ್ಮನಿಗೆ ಮೂರೇ ತಿಂಗಳು ಎಂದು ಡಾಕ್ಟರು ಹೇಳಿದ್ದರು. ಅವನಿಗೆ ಅಕ್ಕ ಗುಣವಾಗುತ್ತದೆ ಎಂದಿದ್ದಳು. ಅಮ್ಮ ಹೋದ ದಿನ ಅವನು ಅದನ್ನು ನಂಬಿಕೊಂಡು ಪ್ರೆಸ್ಸಿಗೆ ಹೋಗಿದ್ದ.

ಮೂರನೆಯ ದಿನ ಉತ್ತರ ಬಂತು. ‘ಇದು ಗೊತ್ತಿಲ್ಲ. ಇದು ತಪ್ಪು ದೊಡ್ಡ.’

ಅವಳು ‘ಹೌದು’ ಎಂದು ಬರೆದಳು. ಕಾರಣ ಬರೆಯಲು ಹೊರಟು ಅಳಿಸಿದಳು. ಆಮೇಲೆ ಬರೆಯುವುದಕ್ಕೆ ಏನೂ ಉಳಿದಿರಲಿಲ್ಲ.

ಆ ವಾರದ ಕೊನೆಯಲ್ಲಿ ಅವಳು ಅಡುಗೆಮನೆಯಲ್ಲಿ ಕಿಟಕಿಯ ಕಡೆ ನೋಡುತ್ತ ನಿಂತಿದ್ದಾಗ ಯಾರೋ ಭುಜ ತಟ್ಟಿದರು. ತಮ್ಮ. ಅವಳ ಮುಖವನ್ನೇ ನೇರ ನೋಡುತ್ತ, ಒಲೆ ನೋಡು, ಹಾಲು ಉಕ್ಕುತ್ತಿದೆ ಎಂದ. ಅವಳು ಹಾಲು ಇಳಿಸುವುದನ್ನು ಬಿಟ್ಟು ಅವನ ಕಣ್ಣನ್ನೇ ನೋಡುತ್ತ ನಿಂತದ್ದರಿಂದ ಒಲೆಯೆಲ್ಲ ಹಾಳಾಯಿತು. ಇಬ್ಬರೂ ಸೇರಿ ಒರೆಸಿದರು.

ಗುಳಿಕೆನ್ನೆಯ ಸರದಿ ಬಂದದ್ದು ಆ ಸಂಜೆ. ಅವಳು ಅಕ್ಕನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಅವಳ ಕೈಗಳಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ನೀನು ಹೆದರಿದ್ದು ನನಗೆ ಅರ್ಥವಾಗುತ್ತದೆ ಎಂದಳು. ಬಾ ಎಂದು ನೀನು ನಿನ್ನ ಬಾಯಿಂದಲೇ ಕರೆದಿದ್ದರೆ ಬಂದರೂ ಬರುತ್ತಿದ್ದೆನೋ ಏನೋ. ಆದರೆ ನಾನು ಅವನನ್ನು ಒಂದು ಮಾತು ಕೇಳಿದ್ದೆ. ಆ ಮಾತು ಅವನಿಗೆ ತಲುಪಲೇ ಇಲ್ಲ. ಮೊನ್ನೆ ಅದನ್ನೇ ಮತ್ತೆ ಕೇಳಿದೆ. ಅವನು ಬರುತ್ತೇನೆ ಎಂದ.

ಅಕ್ಕ ತಲೆಯಾಡಿಸಿದಳು. ಲ್ಯಾಬಿನಲ್ಲಿ ಈಗಲೂ ಕೆಲಸ ಸಿಗುತ್ತದೆಯೇ ಎಂದು ಕೇಳಿದಳು. ಸಿಗುತ್ತದಂತೆ. ನೀನೂ ಬಾ ಎಂದು ಗುಳಿಕೆನ್ನೆ ಕರೆದಳು, ಬರೀ ಮಾತಿಗೆ ಕರೆದದ್ದಲ್ಲ. ಅಕ್ಕ ತನ್ನ ನೌಕರಿ ಇನ್ನೂ ಹದಿನೇಳು ವರ್ಷವಿದೆ ಎಂದಳು. ಮೊಲದ ಶಾಲೆಗೆ ರಜೆ ಬಂದಾಗ ಅವರು ಹೊರಟರು. ಪಾತ್ರೆಗಳಿಗೆ ಹಳೆಯ ಪೇಪರು ಸುತ್ತಿ, ಪೆಟ್ಟಿಗೆಗಳಿಗೆ ಹಗ್ಗ ಬಿಗಿದು, ಬಸ್ಸಿನ ಮೇಲೆ ಹಾಕಿಸಿದವಳು ಅಕ್ಕನೇ. ಪಾರ್ಸೆಲ್ ಕಟ್ಟುವುದರಲ್ಲಿ ಅವಳ ಕೈ ಪಳಗಿತ್ತು.

ಖಾಲಿ ಮನೆಗೆ ಅವಳು ಹೆದರಿದಷ್ಟು ಹಲ್ಲಿರಲಿಲ್ಲ. ಮೊದಲ ತಿಂಗಳು ಕಷ್ಟವಾಯಿತು, ಆಮೇಲೆ ಕೌಂಟರಿನ ಇನ್ನಿಬ್ಬರು ಹೆಂಗಸರು ಸಂಜೆ ಬಂದು ಕೂರತೊಡಗಿದರು. ತಮ್ಮ ಆಗಾಗ ಎರಡು ಮೂರು ಪದ ಬರೆಯುತ್ತಿದ್ದ. ಎರಡು ವರ್ಷ ಕಳೆದು ಮುಖ ಕಾಣುವ ಫೋನುಗಳು ಎಲ್ಲರ ಕೈಗೂ ಬಂದವು. ಒಂದು ಸಂಜೆ ಅವಳ ಫೋನು ಹೊಡೆದುಕೊಂಡಿತು, ನೋಡಿದರೆ ತಮ್ಮ. ಅವನು ಅವಳಿಗೆ ಫೋನು ಮಾಡಿದ್ದಾನೆ! ಎರಡು ಕೈಯೂ ಬೇಕಾದ್ದರಿಂದ ಫೋನನ್ನು ಅಂಟಿನ ಡಬ್ಬಿಗೆ ಒರಗಿಸಿ, ಹಿಂದೆ ಸರಿದು ನಿಂತು ಮಾತಾಡಿದ. ಹೆಚ್ಚೇನೂ ಇರಲಿಲ್ಲ. ಪ್ರೆಸ್ಸಿನ ಹೊಸ ಕತ್ತರಿ ಯಂತ್ರ, ಸಂಘದ ಚುನಾವಣೆ, ಗುಳಿಕೆನ್ನೆ ಒಬ್ಬ ಹಾಡುಗಾರನಿಗೆ ಮಾಡಿಕೊಟ್ಟ ಹಲ್ಲಿನ ಸೆಟ್ಟು. ಸನ್ನೆಗಳಲ್ಲಿ ಆ ಊರಿನ ಧಾಟಿ ಸೇರಿಕೊಂಡಿತ್ತು, ಒಂದೆರಡು ಅವಳಿಗೆ ತಿಳಿಯಲಿಲ್ಲ, ಕೇಳಿ ಕಲಿತಳು. ನಡುವೆ ಗುಮಾಸ್ತರು ತಲೆ ತೂರಿಸಿ, ಮಂಡಿ ಹೇಗಿದೆಯಮ್ಮ ಎಂದು ಕೂಗಿದರು.

ಆಮೇಲಿನ ವರ್ಷ ತಮ್ಮ ಒಂದು ಕೆಲಸ ಹೇಳಿದ. ಮೊಲದ ಶಾಲೆಯಿಂದ ಚೀಟಿ ಬಂದಿತ್ತು, ಮುಖ್ಯೋಪಾಧ್ಯಾಯಿನಿಗೆ ಫೋನು ಮಾಡಬೇಕಂತೆ. ಮೆಸೇಜು ಕಳಿಸಿದರೆ ಆಕೆ ಉತ್ತರ ಕೊಡುವುದಿಲ್ಲ. ಗುಮಾಸ್ತರಿಗೆ ಈಚೆಗೆ ಫೋನಿನ ಮಾತು ಸರಿಯಾಗಿ ಹಿಡಿಯುತ್ತಿರಲಿಲ್ಲ. ಮಗಳ ಕೈಯಲ್ಲಿ ಆಡಿಸಬಹುದು, ಹತ್ತು ವರ್ಷದ ಹುಡುಗಿ ಎರಡೂ ಭಾಷೆಯಲ್ಲಿ ಚೂಟಿ. ಆದರೆ ಅವಳ ವಿಷಯವನ್ನು ಅವಳ ತಲೆಯ ಮೇಲೆಯೇ ಹೊರಿಸುವುದು ಬೇಡ ಎಂದ. ನೀನು ಮಾಡ್ತೀಯಾ?

ಅಕ್ಕ ಮೊಬೈಲನ್ನು ಪಾರ್ಸೆಲ್ ಕೌಂಟರಿನ ತಕ್ಕಡಿಗೆ ಒರಗಿಸಿದಳು. ಪರದೆಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ಆಫೀಸಿನ ಫೋನನ್ನು ಕತ್ತಿಗೆ ಸಿಕ್ಕಿಸಿಕೊಂಡು ನಂಬರು ಒತ್ತಿದಳು. ಮುಖ್ಯೋಪಾಧ್ಯಾಯಿನಿ ಕೆಟ್ಟ ಹೆಂಗಸೇನಲ್ಲ, ದನಿಯಲ್ಲಿ ಮರುಕವೇ ಇತ್ತು. ಹುಡುಗಿ ಓದಿನಲ್ಲಿ ಹಿಂದೆ ಬಿದ್ದಿದ್ದಾಳೆ, ಬೋರ್ಡಿನಿಂದ ತಪ್ಪು ತಪ್ಪಾಗಿ ಬರೆದುಕೊಳ್ಳುತ್ತಾಳೆ ಎಂದರು. ಅಕ್ಕ ಹೇಳಿದಳು. ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಉಳಿಸುವ ಯೋಚನೆಯಿದೆ ಎಂದರು. ಅದನ್ನೂ ಹೇಳಿದಳು.

‘ಮನೇಲಿ ಮಾತಾಡೋರೇ ಇಲ್ವಲ್ಲ, ಪಾಪ. ಅಂಥ ಮನೆ ಮಕ್ಕಳು ಹೀಗಾಗೋದು ಸಹಜ,’ ಎಂದರು.

ಅಕ್ಕನ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಪರದೆಯಲ್ಲಿ ತಮ್ಮ ಕಾಯುತ್ತಿದ್ದ. ಆ ವಾಕ್ಯವನ್ನು ಬಿಟ್ಟರೆ ಯಾರಿಗೂ ಏನೂ ನಷ್ಟವಿರಲಿಲ್ಲ. ಅದನ್ನು ಬಿಟ್ಟುಬಿಡಲು ಅವಳ ಬೆರಳಿಗೆ ಮೂವತ್ತು ವರ್ಷದ ಅಭ್ಯಾಸವಿತ್ತು. ಅವಳು ಪದ ಪದವಾಗಿ ಹೇಳಿದಳು, ಪಾಪ ಎಂಬುದನ್ನೂ ಬಿಡದೆ. ತಮ್ಮನ ದವಡೆ ಬಿಗಿಯಾದದ್ದು ಅಷ್ಟು ದೂರದಿಂದಲೂ ಕಂಡಿತು.

‘ಇದನ್ನೆಲ್ಲ ಅವರಿಗೆ ಹಾಗೇ ಹೇಳ್ಬೇಡಿ, ನೊಂದ್ಕೋತಾರೆ. ನೀವೇ ನೋಡ್ಕೊಂಡು ಏನಾದ್ರೂ ಹೇಳಿ,’ ಎಂದರು ಆಕೆ.

‘ಎಲ್ಲ ಹೇಳ್ತಿದೀನಿ ಮೇಡಂ. ನೀವು ಹೇಳ್ಬೇಡಿ ಅಂದಿದ್ದೂ ಈಗ ಹೇಳಿದೆ,’ ಎಂದಳು ಅಕ್ಕ. ‘ಅವ್ರು ಇಲ್ಲೇ ನೋಡ್ತಿದಾರೆ. ಒಂದು ನಿಮಿಷ ಇರಿ, ಉತ್ತರ ಕೊಡ್ತಾರೆ.’

ಪರದೆಯಲ್ಲಿ ಗುಳಿಕೆನ್ನೆ ಗಂಡನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಿದ್ದಳು. ಅವಳ ಕೈ ಓಡುವ ವೇಗಕ್ಕೆ ಅಕ್ಕನ ಬಾಯಿ ಏದುಸಿರು ಬಿಟ್ಟಿತು. ‘ನಮ್ಮ ಮನೇಲಿ ಮಾತಿಗೇನೂ ಕಮ್ಮಿ ಇಲ್ಲ. ನಾಳೆ ಹತ್ತು ಗಂಟೆಗೆ ಇಬ್ರೂ ಬರ್ತೀವಿ. ಅವಳ ನೋಟ್ ಪುಸ್ತಕ ಎಲ್ಲ ತೆಗೆದಿಡಿ. ಅವಳು ಕ್ಲಾಸಲ್ಲಿ ಎಲ್ಲಿ ಕೂತ್ಕೋತಾಳೆ ಅಂತ ನಾವು ನೋಡ್ಬೇಕು.’

ಅವರು ಹೋದರು, ಜೊತೆಗೆ ಸಂಘದ ಕಾರ್ಯದರ್ಶಿಯನ್ನೂ ಕರೆದುಕೊಂಡು. ಮೊಲ ಕೂರುತ್ತಿದ್ದದ್ದು ಹಿಂದಿನ ಬೆಂಚಿನಲ್ಲಿ. ತಾಯಿ ಅಲ್ಲಿ ಕೂತು ಬೋರ್ಡಿನ ಮೇಲಿನದ್ದನ್ನು ಓದು ಎಂದು ಕೈಯಲ್ಲಿ ಹೇಳಿದರೆ ಮಗಳು ಕಣ್ಣು ಕಿರಿದು ಮಾಡಿ ಬೋರ್ಡಿನಲ್ಲಿಲ್ಲದ ಅಕ್ಷರವನ್ನೆಲ್ಲ ಓದಿದಳು. ಕಿವಿ ಚೆನ್ನಾಗಿದೆ ಎಂದು ಎಲ್ಲರೂ ನಿಶ್ಚಿಂತೆಯಿಂದಿದ್ದರು. ಹುಡುಗಿಯ ಕಣ್ಣನ್ನು ಯಾರೂ ನೋಡಿಸಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಕ್ಷಮೆ ಕೇಳಿದರಂತೆ, ಕಾಗದದಲ್ಲಿ ಬರೆದು. ತರಗತಿಯಲ್ಲಿ ಉಳಿಸುವ ಮಾತು ಅಲ್ಲಿಗೇ ಮುಗಿಯಿತು.

ಹದಿನೈದು ದಿನದ ಮೇಲೆ ಕೌಂಟರಿನಲ್ಲಿ ಜನ ಸಾಲು ನಿಂತಿದ್ದಾಗ ತಮ್ಮನಿಂದ ಒಂದು ಫೋಟೊ ಬಂತು. ಮುಖಕ್ಕಿಂತ ದೊಡ್ಡದಾದ ಕಪ್ಪು ಕಟ್ಟಿನ ಕನ್ನಡಕ ಹಾಕಿಕೊಂಡು ಮೊಲ ಗಂಭೀರವಾಗಿ ನಿಂತಿದ್ದಳು. ಕೆಳಗೆ ಬರೆದಿತ್ತು: ‘ತಾತ ಆರಿಸು. ನಾವು ಬೇಡ ಹೇಳು. ತಾತ ಕೇಳಲ್ಲ.’ ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಸಾಲಿನ ಮುಂದಿದ್ದವನು ತನ್ನ ಟ್ರಂಕಿನ ಚೀಟಿ ಚಾಚಿಕೊಂಡೇ ನಿಂತಿದ್ದ. ಅವಳು ಚೀಟಿ ತೆಗೆದುಕೊಳ್ಳಲಿಲ್ಲ. ಫೋನನ್ನು ಅವನ ಕಡೆ ತಿರುಗಿಸಿ, ಇವಳು ನನ್ನ ತಮ್ಮನ ಮಗಳು ಎಂದು ತೋರಿಸಿದಳು. ಅವನು ಬಗ್ಗಿ ನೋಡಿದ. ಹಿಂದಿದ್ದವರೂ ಇಣುಕಿದರು.